ನಿನ್ನಿ ಕಾರು ಬಂದು ನಿಂತಾಗಿಂದ ಹೇಳ್ರಿ

ನನ್ನ ದಿನಚರಿಯಲ್ಲಿ ಮೇಸ್ತ್ರಿಯ ಬಗ್ಗೆ ಸಿಗುವ ಮೊದಲ ಸಾಲು ಬೈಗುಳದ್ದು. ‘ಕಾರು ಚಾಲೂ ಆಗಲಿಲ್ಲ ಎಂದು ಕರೆಸಿದರೆ ಆ ಮನುಷ್ಯ ಬಾನೆಟ್ಟನ್ನೇ ತೆರೆಯಲಿಲ್ಲ. ಅರ್ಧ ಗಂಟೆ ನನ್ನ ವಿಚಾರಣೆ ಮಾಡಿದ. ಗರ್ವಿಷ್ಠ.’ ಎಪ್ಪತ್ತೇಳರ ಜೂನ್ ತಿಂಗಳ ಪುಟ. ಪೆನ್ನನ್ನು ಎಷ್ಟು ಒತ್ತಿ ಬರೆದಿದ್ದೇನೆಂದರೆ ಹಾಳೆಯ ಹಿಂಬದಿಯಲ್ಲಿ ಅಕ್ಷರ ಉಬ್ಬಿವೆ.

ಹೋದ ವಾರ ಮೇಸ್ತ್ರಿ ತೀರಿಕೊಂಡರು. ಸುದ್ದಿ ಬಂದ ಸಂಜೆ ಹತ್ತು ವರ್ಷದ ದಿನಚರಿಗಳನ್ನು ಕಪಾಟಿನಿಂದ ಇಳಿಸಿಕೊಂಡು ಕೂತೆ. ಧಾರವಾಡದಲ್ಲಿ ಇತಿಹಾಸ ಓದಿದವಳು ನಾನು. ಅಲ್ಲಿ ಕಲಿತದ್ದರಲ್ಲಿ ಒಂದು ಮಾತು ಇನ್ನೂ ಗಟ್ಟಿಯಾಗಿ ಉಳಿದಿದೆ: ತಡವಾಗಿ ಬರೆದ ಸಾಕ್ಷಿಯನ್ನು ನಂಬುವಾಗ ಎಚ್ಚರ, ಅದರಲ್ಲೂ ಬರೆದವರಿಗೆ ಸತ್ತವರ ಮೇಲೆ ಪ್ರೀತಿ ಇದ್ದರೆ. ನನ್ನ ತಲೆಯಲ್ಲಿ ಮೇಸ್ತ್ರಿಯ ಮಾತುಗಳೆಲ್ಲ ಇಡಿಯಾಗಿ ಇವೆ. ದಿನಚರಿಯಲ್ಲಿ ಅದೇ ದಿನಗಳಿಗೆ ಎರಡೆರಡು ಸಾಲು ಮಾತ್ರ ಇವೆ, ಅವೂ ಸಿಟ್ಟಿನವು. ಉಳಿದದ್ದನ್ನು ನಾನು ಯಾವಾಗ ತುಂಬಿಕೊಂಡೆನೋ ತಿಳಿಯದು. ಹೀಗಾಗಿ ಇಲ್ಲಿ ಬರೆಯುವುದರಲ್ಲಿ ದಿನಚರಿಯದ್ದು ಯಾವುದು, ನೆನಪಿನದ್ದು ಯಾವುದು ಎಂದು ಸಾಧ್ಯವಾದಷ್ಟು ಹೇಳುತ್ತ ಹೋಗುತ್ತೇನೆ. ಅವರಿಗೂ ಅದೇ ಒಪ್ಪಿಗೆಯಾಗುತ್ತಿತ್ತು.

ಅವರ ಗ್ಯಾರೇಜು ಟಿಳಕವಾಡಿಯ ಆಚೆ, ರೈಲ್ವೆ ಗೇಟು ದಾಟಿದ ಮೇಲೆ, ಖಾನಾಪುರದ ರಸ್ತೆಗೆ ಮುಖ ಮಾಡಿಕೊಂಡಿತ್ತು. ಮೇಲೆ ತಗಡು, ಎರಡು ಬದಿ ಗೋಡೆ, ಉಳಿದೆರಡು ಬದಿ ಬಯಲು. ಮೇಸ್ತ್ರಿ ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು. ಬೆಳಿಗ್ಗೆ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ನಾಲ್ಕನೆಯದೊಂದು ಗ್ರೀಸಿನ ಪಟ್ಟೆ ಬಿದ್ದಿರುತ್ತಿತ್ತು. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಯಾರದೇ ಕಾರು ಬಂದರೂ ಅವರು ಮೊದಲು ಹಳೆಯ ಬ್ಯಾಟರಿಯ ಮರದ ಪೆಟ್ಟಿಗೆಯ ಮೇಲೆ ಕೂತುಬಿಡುತ್ತಿದ್ದರು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು. ಕೇಳುತ್ತಿದ್ದದ್ದು ಒಂದೇ.

“ನಿನ್ನಿ ಕಾರು ಬಂದು ನಿಂತಾಗಿಂದ ಹೇಳ್ರಿ.”

ಹೇಳಬೇಕು. ಎಲ್ಲಿ ನಿಲ್ಲಿಸಿದಿರಿ, ನೆರಳೋ ಬಿಸಿಲೋ, ಯಾರು ಬಾಗಿಲು ತೆರೆದರು, ಯಾರು ತೊಳೆದರು, ಬೆಳಿಗ್ಗೆ ಮೊದಲ ಸಲ ಕೀಲಿ ತಿರುವಿದಾಗ ಯಾವ ಸದ್ದು ಬಂತು. ಹೇಳುವವರು ‘ಒಮ್ಮಿಗ್ಲೆ ಬಂದ್ ಬಿತ್ತು’ ಎಂದರೆ ಅವರ ಮುಖ ಗಂಟಾಗುತ್ತಿತ್ತು. ಒಮ್ಮಿಗ್ಲೆ ಅನ್ನುವುದು ಯಾವ ಕಾರಿನೊಳಗೂ ಇಲ್ಲ, ನಾನು ಇನ್ನೂ ಕಂಡಿಲ್ಲ, ಎನ್ನುತ್ತಿದ್ದರು. ನಿನ್ನೆ ಓಡಿದ ಕಾರು ಇವತ್ತು ಓಡುವುದಿಲ್ಲ ಎಂದರೆ ನಡುವೆ ಯಾರದೋ ಕೈ ಬಂದಿದೆ. ಮನುಷ್ಯನ ಕೈ, ಇಲಿಯ ಹಲ್ಲು, ಮಳೆಯ ಹನಿ, ಯಾವುದಾದರೂ ಸರಿ. ಕೊನೆಯ ಕೈ ಯಾವುದು ಎಂದು ಗೊತ್ತಾಗುವ ತನಕ ಅವರು ಏಳುತ್ತಿರಲಿಲ್ಲ. ಗೊತ್ತಾಯಿತು ಎನಿಸಿದಾಗ ಕರಡಿಗೆಯನ್ನು ಅಂಗಿಯ ಒಳಗೆ ಇಳಿಬಿಟ್ಟು, ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಎಂಜಿನ್ನಿನ ಮೇಲೆ ಬಾಗಿದಾಗ ಅದು ತೂಗಾಡಬಾರದು ಎಂದು. ಗುತ್ತಿಗೆದಾರರು, ಟ್ಯಾಕ್ಸಿಯವರು ಎಲ್ಲರೂ ಆ ಗುಂಡಿಯನ್ನೇ ಕಾಯುತ್ತ ನಿಂತಿರುತ್ತಿದ್ದರು. ಗುಂಡಿ ಬಿತ್ತು ಎಂದರೆ ಕೇಳುವುದು ಮುಗಿಯಿತು, ಕೆಲಸ ಶುರುವಾಯಿತು.

ಇದರಿಂದ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಒಮ್ಮೆ ಗೇಟಿನ ಹತ್ತಿರ ಮದುವಣಿಗನ ಕಾರು ನಿಂತುಹೋಗಿತ್ತು. ಅವನ ಅಣ್ಣ ಬಂದು ಕೈಮುಗಿದ. ಮೇಸ್ತ್ರಿ ಅಲ್ಲಿಗೇ ಹೋಗಿ ಮೈಲುಗಲ್ಲಿನ ಮೇಲೆ ಕೂತು ನಿನ್ನಿಯಿಂದ ಕೇಳತೊಡಗಿದರು. ಅಣ್ಣ ಹೇಳಿದ, ತಮ್ಮ ಹೇಳಿದ, ಮಾವ ಹೇಳಿದ. ಕೊನೆಗೆ ತಿಳಿದದ್ದು, ಪೆಟ್ರೋಲನ್ನು ಅವನು ಹಾಕಿಸಿದ್ದಾನೆಂದು ಇವನೂ ಇವನು ಹಾಕಿಸಿದ್ದಾನೆಂದು ಅವನೂ ನಂಬಿದ್ದರು. ಅಷ್ಟರಲ್ಲಿ ಮದುವಣಿಗ ಬಾಸಿಂಗದ ಸಮೇತ ಟಾಂಗಾ ಹತ್ತಿ ಹೋಗಿಯಾಗಿತ್ತು. ಪೆಟ್ರೋಲ್ ಟಾಕಿಯೊಳಗೆ ಒಂದು ಕಡ್ಡಿ ಇಳಿಸಿ ನೋಡಿದ್ದರೆ ಅರ್ಧ ನಿಮಿಷದ ಕೆಲಸ ಎಂದು ಜನ ನಕ್ಕರು. ಮೇಸ್ತ್ರಿಗೆ ನಾಚಿಕೆಯಾದಂತೆ ಕಾಣಲಿಲ್ಲ. ಈ ಕಥೆಯನ್ನು ನಾನು ಕಣ್ಣಾರೆ ಕಂಡಿಲ್ಲ. ಮೂರು ಜನ ಮೂರು ಥರ ಹೇಳಿದ್ದಾರೆ. ಟಾಂಗಾ ಮಾತ್ರ ಮೂವರಲ್ಲೂ ಇದೆ.

ಕಣ್ಣಾರೆ ಕಂಡದ್ದು ಕಟ್ಟಿಗೆ ವ್ಯಾಪಾರಿಯದು. ಖಾನಾಪುರದವರು. ಕಾರು ಎರಡು ಮೈಲು ಓಡಿ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಚಾಲೂ ಆಗುತ್ತಿತ್ತು. ಬೇರೆಲ್ಲೋ ತೋರಿಸಿ ಪ್ಲಗ್ಗು, ಕಾಯಿಲು, ಪಂಪು ಎಲ್ಲ ಹೊಸದು ಹಾಕಿಸಿ, ಹಳೆಯವನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಬಂದಿದ್ದರು. ಮೇಸ್ತ್ರಿ ಕೇಳಿ ಮುಗಿಸಿದ ಮೇಲೆ ಪೆಟ್ರೋಲ್ ಟಾಕಿಯ ಮುಚ್ಚಳ ತೆಗೆದು, ಅದರಲ್ಲಿದ್ದ ಸಣ್ಣ ತೂತಿನೊಳಗಿನ ಕೆಸರನ್ನು ಸೂಜಿಯಿಂದ ಕಿತ್ತರು. ಗಾಳಿ ಒಳಗೆ ಹೋಗದೆ ಪೆಟ್ರೋಲು ಕೆಳಗೆ ಇಳಿಯುತ್ತಿರಲಿಲ್ಲ, ಅಷ್ಟೇ. ಕಾರು ಓಡಿತು. ವ್ಯಾಪಾರಿ ಹೊರಟರೆ ಬಿಡಲಿಲ್ಲ. ಗೋಣಿಚೀಲ ಸುರುವಿ, ಹೊಸ ಸಾಮಾನೆಲ್ಲ ಒಂದೊಂದಾಗಿ ಬಿಚ್ಚಿ, ಹಳೆಯದನ್ನು ಒಂದೊಂದಾಗಿ ಹಾಕಿ, ಪ್ರತಿ ಸಲ ಕಾರನ್ನು ರಸ್ತೆಗೆ ಒಯ್ದು ನೋಡಿದರು. ಸಂಜೆಯಾಯಿತು. “ಓಡಾಕತ್ತೈತಲ್ಲೋ ಮಾರಾಯ, ಇನ್ನೇನ ಬೇಕ ನಿನಗ?” ಎಂದು ವ್ಯಾಪಾರಿ ಗೋಗರೆದರು. “ಯಾಕ ಓಡಾಕತ್ತೈತಿ ಅಂತ ನನಗ ಗೊತ್ತಾಗಬೇಕಲ್ರಿ ಧಣ್ಯಾರ,” ಎಂದರು ಮೇಸ್ತ್ರಿ. ಒಂದು ಸಲಕ್ಕೆ ಒಂದೇ ಕೈ. ಹಾಕಿದ್ದು ಗುಣ ಕೊಡದಿದ್ದರೆ ತೆಗೆದು ಮೊದಲಿನಂತೆ ಇಡು. ಎರಡು ಕೈ ಒಟ್ಟಿಗೆ ಹಾಕಿದರೆ ಯಾವುದು ಗುಣ ಮಾಡಿತು ಎಂದು ಸಾಯುವ ತನಕ ತಿಳಿಯುವುದಿಲ್ಲ. ಇದನ್ನು ಅವರ ಬಾಯಿಂದ ಎಷ್ಟು ಸಲ ಕೇಳಿದ್ದೇನೆಂದರೆ, ಇಲ್ಲಿ ನೆನಪು ಮೋಸ ಮಾಡಿರಲಿಕ್ಕಿಲ್ಲ.

ನಮ್ಮ ಅಬ್ಬಾ ದನದ ಡಾಕ್ಟರಾಗಿದ್ದರು. ಇಪ್ಪತ್ತೈದು ವರ್ಷ ಖಾನಾಪುರ ತಾಲೂಕಿನಲ್ಲೇ, ಲೋಂಡಾದ ಕಾಡಿನ ತನಕ, ಕರಿಯ ಬಣ್ಣದ ಒಂದು ಸಣ್ಣ ವಿಲಾಯಿತಿ ಕಾರಿನಲ್ಲಿ ತಿರುಗಿದರು. ಆ ಕಾರನ್ನು ಮೇಸ್ತ್ರಿಯ ಹೊರತು ಇನ್ನೊಬ್ಬರು ಮುಟ್ಟಿರಲಿಲ್ಲ. ನಿವೃತ್ತಿಯಾದ ಮರುವರ್ಷ ಅಬ್ಬಾಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತವು. ಕೋಲು ಹಿಡಿದು ಮನೆಯಿಂದ ಹಿತ್ತಲ ಶೆಡ್ಡಿನ ತನಕ ಹೋಗಿ ಬರುವಷ್ಟು ನಡಿಗೆ ಉಳಿಯಿತು. ಅಮ್ಮ ಮೊದಲೇ ಇರಲಿಲ್ಲ. ಅಣ್ಣ ಹುಬ್ಬಳ್ಳಿಯಲ್ಲಿ. ಟಿಳಕವಾಡಿಯ ಮನೆಯಲ್ಲಿ ನಾನು, ಅಬ್ಬಾ, ಮತ್ತು ಬೆಳಿಗ್ಗೆ ಬಂದು ಮನೆಗೆಲಸ ಮಾಡಿ, ಅಬ್ಬಾನನ್ನು ನೋಡಿಕೊಂಡು, ಮಧ್ಯಾಹ್ನ ಒಂದಕ್ಕೆ ತನ್ನ ಮನೆಗೆ ಹೋಗುವ ಖಾಲಾ.

ಆ ಜೂನಿನಲ್ಲಿ ನನಗೆ ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಬೆಳಗಿನ ಶಾಲೆ, ಏಳೂವರೆಗೆ ಗಂಟೆ. ಆ ಹೊತ್ತಿಗೆ ಮುಟ್ಟಿಸುವ ಬಸ್ಸೂ ಇರಲಿಲ್ಲ, ರೈಲೂ ಇರಲಿಲ್ಲ. ಖಾಲಾ ಹೋಗುವುದರೊಳಗೆ ವಾಪಸ್ಸು ಬರಬೇಕು. ಕಾರು ಇದ್ದರೆ ನೌಕರಿ ಇತ್ತು, ಕಾರು ಇಲ್ಲದಿದ್ದರೆ ಇಲ್ಲ. ಕಾಲೇಜಿನಲ್ಲಿದ್ದಾಗ ಸಾಂಬ್ರಾದ ಖಾಲಿ ರಸ್ತೆಯಲ್ಲಿ ಅಬ್ಬಾ ನನಗೆ ಡ್ರೈವಿಂಗ್ ಕಲಿಸಿದ್ದರು. ಹೆಣ್ಣುಮಗಳು, ಅದರಲ್ಲೂ ನಮ್ಮವರ ಹೆಣ್ಣುಮಗಳು, ಒಬ್ಬಳೇ ಕಾರು ಹೊಡೆದುಕೊಂಡು ಹೋಗುವುದನ್ನು ಮೊಹಲ್ಲಾದ ನೆಂಟರು ಮೊದಲೆರಡು ತಿಂಗಳು ಮಾತಾಡಿದರು, ಆಮೇಲೆ ಬಿಟ್ಟರು. ಅಣ್ಣ ಬಿಡಲಿಲ್ಲ. ಆ ಕಾರು ನಿನ್ನನ್ನು ಒಂದು ದಿನ ನಡುರಸ್ತೆಯಲ್ಲಿ ಕೈಬಿಡುತ್ತದೆ, ಮಾರಿಬಿಡೋಣ, ಮನೆಯಲ್ಲಿದ್ದು ಅಬ್ಬಾನನ್ನು ನೋಡಿಕೋ ಎಂದು ಪತ್ರದ ಮೇಲೆ ಪತ್ರ ಬರೆದ.

ಮೊದಲ ಸಲ ಕಾರು ಚಾಲೂ ಆಗದಿದ್ದಾಗ ಮೇಸ್ತ್ರಿ ನನ್ನನ್ನು ಅರ್ಧ ಗಂಟೆ ಕೇಳಿದ್ದು, ನಾನು ಗರ್ವಿಷ್ಠ ಎಂದು ಬರೆದದ್ದು ಆಗಲೇ ಹೇಳಿದೆ. ಅವತ್ತಿನ ತಪ್ಪು ನನ್ನದೇ ಇತ್ತು: ಹಿಂದಿನ ಸಂಜೆ ದೀಪ ಆರಿಸದೆ ಬಿಟ್ಟಿದ್ದೆ. ಬ್ಯಾಟರಿ ಸತ್ತಿತ್ತು. ಅವರು ಬೈಯಲಿಲ್ಲ. “ಅಕ್ಕಾರ, ದಿನಾ ನನ್ನ ಕರಿಯೂದ ಆದ್ರ ನೀವು ಸಾಲಿಗೆ ಮುಟ್ಟಿದಂಗ. ಕಲೀರಿ,” ಎಂದರು. ಭಾನುವಾರ ಬರಲು ಹೇಳಿದರು. ಹೋದೆ. ಮೊದಲು ಹಾರ್ನ್ ಒತ್ತಿ ಕೇಳು, ದೀಪ ಹಚ್ಚಿ ನೋಡು. ಎರಡೂ ಜೋರಾಗಿದ್ದರೆ ಬ್ಯಾಟರಿ ಬಿಟ್ಟು ಮುಂದೆ ಹೋಗು. ಪೆಟ್ರೋಲಿನ ವಾಸನೆ ನೋಡು. ಆಮೇಲೆ ಪ್ಲಗ್ಗಿನ ವಾಯರು ಕಿತ್ತು, ಬಟ್ಟೆ ಒಣಹಾಕುವ ಮರದ ಚಿಮಟಿಯಲ್ಲಿ ಹಿಡಿದು ಕಬ್ಬಿಣದ ಹತ್ತಿರ ತಂದು, ಬಾನೆಟ್ಟಿನೊಳಗೇ ಇರುವ ಗುಂಡಿ ಒತ್ತಿ ಎಂಜಿನ್ ತಿರುಗಿಸು. ನೀಲಿ ಕಿಡಿ ಹಾರಿದರೆ ಕರೆಂಟು ಬರುತ್ತಿದೆ. ಹಾರದಿದ್ದರೆ ದಾರಿಯಲ್ಲೆಲ್ಲೋ ನಿಂತಿದೆ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ನಾನು ಕಿಡಿ ಹಾರಿಸುವುದನ್ನು ನೋಡಲು ಟ್ಯಾಕ್ಸಿಯವರು ಗುಂಪುಗೂಡಿದ್ದರು. ಮೇಸ್ತ್ರಿ ಅವರನ್ನೂ ಕೇಳಿದರಂತೆ, “ನಿಮ್ಮೊಳಗ ಯಾರಿಗೆ ಬರ್ತೈತಿ ಇದು? ಕೈ ಎತ್ತ್ರಿ.” ಅಂತೆ ಎಂದೆ, ಯಾಕೆಂದರೆ ನನಗೆ ಆ ಮಾತು ಕೇಳಿಸಿದ ನೆನಪಿಲ್ಲ, ಆಮೇಲೆ ಒಬ್ಬ ಟ್ಯಾಕ್ಸಿಯವನು ಹೇಳಿದ.

ಒಂದನ್ನು ಮಾತ್ರ ಅವರು ಕಲಿಸಲಿಲ್ಲ. ಕರೆಂಟನ್ನು ನಾಲ್ಕೂ ಪ್ಲಗ್ಗುಗಳಿಗೆ ಹಂಚುವ ಡಬ್ಬಿ ಇರುತ್ತದೆ, ಅದರ ಮೇಲೊಂದು ಕರಿಯ ಮುಚ್ಚಳ. ಅದರ ಒಳಗೆ ಹೆಬ್ಬೆರಳಿನಷ್ಟು ದೊಡ್ಡ ರೋಟರ್ ಎಂಬ ತುಂಡು ತಿರುಗುತ್ತ ಹಂಚುವ ಕೆಲಸ ಮಾಡುತ್ತದೆ ಎಂದು ಅಬ್ಬಾನ ಕಾರಿನ ಪುಸ್ತಕದಲ್ಲಿ ಚಿತ್ರ ನೋಡಿದ್ದೆ. ಮುಚ್ಚಳಕ್ಕೆ ನಾನು ಕೈ ಹಾಕಿದರೆ ಮೇಸ್ತ್ರಿ ತಡೆದರು. ಇದೊಂದನ್ನು ಬಿಟ್ಟು ಏನು ಬೇಕಾದರೂ ಮುಟ್ಟಿ, ಇದರ ಅಂಚು ಸೀಳಿದೆ, ಒಡೆದರೆ ಬೇರೆ ಸಿಗುವುದಿಲ್ಲ ಎಂದರು. ‘ಕೊನೆಯ ಕೀಲಿಯನ್ನು ಗಂಡಸರು ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಾರೆ’ ಎಂದು ಅವತ್ತಿನ ದಿನಚರಿಯಲ್ಲಿದೆ.

ಮಳೆಗಾಲದಲ್ಲಿ ಕಾರು ಮತ್ತೆ ಎರಡು ಸಲ ಕೈಕೊಟ್ಟಿತು. ಹಾರ್ನ್ ಇತ್ತು, ದೀಪ ಇತ್ತು, ಪೆಟ್ರೋಲು ಇತ್ತು. ಕಿಡಿ ಇರಲಿಲ್ಲ. ಎರಡು ಸಲವೂ ಪಕ್ಕದ ಮನೆಯವರ ಕೈಲಿ ಹೇಳಿಕಳಿಸಿದೆ, ಮೇಸ್ತ್ರಿ ಸೈಕಲ್ಲಿನಲ್ಲಿ ಬಂದರು. ನನ್ನನ್ನು ಏನೂ ಕೇಳಲಿಲ್ಲ. ನೇರ ವರಾಂಡಕ್ಕೆ ಹೋಗಿ “ಸಲಾಂ ಸಾಹೇಬ್ರ” ಎಂದು ಅಬ್ಬಾನ ಎದುರು ಕೂತು, ಖಾಲಾ ಕೊಟ್ಟ ಚಹಾವನ್ನು ಬಸಿಗೆ ಸುರುವಿಕೊಂಡು, ಊದಿ ಊದಿ ಕುಡಿದರು. ನಾನು ಶೆಡ್ಡಿನ ಬಾಗಿಲಲ್ಲಿ ಕೈಗಡಿಯಾರ ನೋಡುತ್ತ ಕುದಿಯುತ್ತಿದ್ದೆ. ಆಮೇಲೆ ಎದ್ದು ಬಂದರು. ಬರುವಾಗಲೇ ಅಂಗಿಯ ಮೇಲಿನ ಗುಂಡಿ ಬಿದ್ದಿತ್ತು. ನನಗೆ ಬೆನ್ನು ಮಾಡಿ ಬಾಗಿ ಏನೋ ಮಾಡಿದರು, ಕಾರು ಚಾಲೂ ಆಯಿತು. ಥಂಡಿ ಹಿಡಿದಿತ್ತು, ಒರೆಸಿದೆ ಎಂದರು. ಎರಡು ಸಲವೂ ನಾನು ಶಾಲೆ ಮುಟ್ಟುವಾಗ ಮೊದಲ ಪಾಠ ಮುಗಿಯುತ್ತ ಬಂದಿತ್ತು.

ಡಿಸೆಂಬರಿನಲ್ಲಿ ಮೂರನೆಯ ಸಲ. ಮಳೆ ನಿಂತು ಎರಡು ತಿಂಗಳಾಗಿತ್ತು. ಅದೇ ವರಾಂಡ, ಅದೇ ಬಸಿ, ಅದೇ ಬೆನ್ನು. “ಥಂಡಿ,” ಎಂದರು ಮತ್ತೆ. ದಿನಚರಿಯಲ್ಲಿ ಒಂದೇ ಸಾಲಿದೆ: ‘ಎಲ್ಲರನ್ನೂ ಕೇಳುವವರು ನನ್ನನ್ನು ಮಾತ್ರ ಯಾಕೆ ಕೇಳುವುದಿಲ್ಲ?’ ಪ್ರಶ್ನೆ ಸರಿಯಾಗಿತ್ತು. ಉತ್ತರ ಎದುರಿಗೇ ಕೂತು ಚಹಾ ಕುಡಿಯುತ್ತಿತ್ತು, ನನಗೆ ಕಾಣಲಿಲ್ಲ.

ಅವತ್ತು ಶಾಲೆಯಲ್ಲಿ ಮುಖ್ಯಾಧ್ಯಾಪಕರು ನನ್ನನ್ನು ಕರೆಸಿದರು. ಕೆಟ್ಟವರಲ್ಲ, ಮಾತಿನಲ್ಲಿ ಮರಾಠಿ ಬೆರೆಸಿ ಮೆಲ್ಲಗೆ ಆಡುವವರು. ನನ್ನ ನೇಮಕ ಒಂದು ವರ್ಷದ ಪರೀಕ್ಷಾವಧಿಯ ಮೇಲಿತ್ತು. ಇನ್ನೊಂದು ಸಲ ಪ್ರಾರ್ಥನೆ ಮುಗಿದ ಮೇಲೆ ಗೇಟಿನೊಳಗೆ ಬಂದರೆ ಕಾಯಂ ಮಾಡುವ ಕಾಗದಕ್ಕೆ ತಾವು ಸಹಿ ಹಾಕುವುದು ಸಾಧ್ಯವಿಲ್ಲ ಎಂದರು. ಮನೆಗೆ ಬಂದರೆ ಅಣ್ಣನ ಪತ್ರ: ಜನವರಿಯ ಮೊದಲ ವಾರ ಬರುತ್ತೇನೆ, ಕಾರನ್ನು ಒಯ್ಯುತ್ತೇನೆ. ಅವನು ಬರುವ ತನಕ ಕಾರು ಒಂದು ದಿನವೂ ನಿಲ್ಲದಂತೆ ನೋಡಿಕೊಳ್ಳುವುದೆಂದು ನಿಶ್ಚಯಿಸಿದೆ. ಪ್ಲಗ್ಗು ಬಿಚ್ಚಿ ಉಜ್ಜಿದೆ, ವಾಯರುಗಳನ್ನು ಒಂದೊಂದಾಗಿ ಒರೆಸಿದೆ. ರಾತ್ರಿ ಥಂಡಿ ಹಿಡಿಯದಂತೆ ಬಾನೆಟ್ಟಿನ ಮೇಲೆ ಹಳೆಯ ಕಂಬಳಿ ಹೊದಿಸಿದೆ.

ಎರಡು ವಾರದ ನಂತರ, ಒಂದು ಬುಧವಾರ ಬೆಳಿಗ್ಗೆ ಆರೂ ಕಾಲಿಗೆ, ಕಾರು ಚಾಲೂ ಆಗಲಿಲ್ಲ.

ಹೇಳಿಕಳಿಸಿದರೆ ಮೇಸ್ತ್ರಿ ಇರಲಿಲ್ಲ. ಕೆಟ್ಟು ನಿಂತ ಲಾರಿಯೊಂದಕ್ಕೆ ಲೋಂಡಾಕ್ಕೆ ಹೋಗಿದ್ದರು. ಸೆರಗು ಬಿಗಿದೆ. ಹಾರ್ನ್, ಜೋರು. ದೀಪ, ಜೋರು. ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯಿತು. ಚಿಮಟಿಯಲ್ಲಿ ವಾಯರು ಹಿಡಿದು ಗುಂಡಿ ಒತ್ತಿದೆ. ಕಿಡಿ ಇಲ್ಲ. ಉಳಿದದ್ದು ಮುಚ್ಚಳ. ಒಡೆದರೆ ಒಡೆಯಲಿ, ಇಲ್ಲದಿದ್ದರೂ ನೌಕರಿ ಹೋಗುತ್ತದೆ ಎಂದುಕೊಂಡು ಎರಡೂ ಬದಿಯ ಸ್ಪ್ರಿಂಗು ಬಿಚ್ಚಿ ಮುಚ್ಚಳ ಎತ್ತಿದೆ. ಬೆಳಕಿಗೆ ಹಿಡಿದು ನೋಡಿದೆ. ಅಂಚಿನಲ್ಲಿ ಎಲ್ಲೂ ಸೀಳು ಇರಲಿಲ್ಲ. ಕೆಳಗೆ ಡಬ್ಬಿಯ ನಡುವೆ ಪುಸ್ತಕದ ಚಿತ್ರದಲ್ಲಿದ್ದ ತುಂಡು ಇರಬೇಕಾದ ಜಾಗದಲ್ಲಿ ಬರಿಯ ಕಬ್ಬಿಣದ ಮೊಳೆಯಂಥದ್ದು ನಿಂತಿತ್ತು. ರೋಟರ್ ಇರಲಿಲ್ಲ.

ಕೊನೆಯ ಕೈ ಯಾರದು?

ನಾನು ಸಣ್ಣವಳಿದ್ದಾಗ ಅಬ್ಬಾ ಖಾನಾಪುರದ ಹಳ್ಳಿಗಳಲ್ಲಿ ಮುಕ್ಕಾಂ ಮಾಡುತ್ತಿದ್ದರು. ಕಾರನ್ನು ಯಾರೂ ಒಯ್ಯಬಾರದೆಂದು ದಿನಾ ಸಂಜೆ ಅದರಿಂದ ಏನನ್ನೋ ತೆಗೆದು ಕರವಸ್ತ್ರದಲ್ಲಿ ಸುತ್ತಿ ಇಟ್ಟುಕೊಳ್ಳುತ್ತಿದ್ದರು, ಬೆಳಗಿನ ನಮಾಜಾದ ಮೇಲೆ ಮತ್ತೆ ಹಾಕುತ್ತಿದ್ದರು. ಆಗ ಕಾರಿದ್ದವರು ಅನೇಕರು ಹಾಗೆ ಮಾಡುತ್ತಿದ್ದರಂತೆ. ಆ ಕರವಸ್ತ್ರದ ಗಂಟು ನನಗೆ ನಿಜವಾಗಿ ನೆನಪಿತ್ತೋ, ಖಾಲಿ ಡಬ್ಬಿ ನೋಡಿದ ಮೇಲೆ ನೆನಪಾಯಿತೋ ಹೇಳಲಾರೆ. ಶೆಡ್ಡಿನಿಂದ ತಿರುಗಿ ನೋಡಿದರೆ ವರಾಂಡದಲ್ಲಿ ಅಬ್ಬಾ ಕೋಲಿನ ಮೇಲೆ ಗಲ್ಲವೂರಿ ನನ್ನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಗಾಬರಿ ಇತ್ತು. ಕಾರು ಕೆಟ್ಟಿದೆ, ಮಗಳಿಗೆ ತಡವಾಗುತ್ತಿದೆ, ತಾನು ಏನೂ ಮಾಡಲಾರೆ ಎಂಬ ಗಾಬರಿ.

ಅವರು ಇನ್ನೂ ದಿನಾ ಸಂಜೆ ತೆಗೆಯುತ್ತಿದ್ದರು, ದಿನಾ ಬೆಳಿಗ್ಗೆ ಹಾಕುತ್ತಿದ್ದರು. ಕೆಲವು ಬೆಳಿಗ್ಗೆ ಎಲ್ಲಿಟ್ಟೆ ಎನ್ನುವುದು ಮಾತ್ರವಲ್ಲ, ತೆಗೆದದ್ದೇ ಅವರಿಗೆ ಮರೆತುಹೋಗುತ್ತಿತ್ತು.

ಓಡಿಹೋಗಿ ಎಲ್ಲಿಟ್ಟಿರಿ ಎಂದು ಅವರ ಭುಜ ಹಿಡಿದು ಕೇಳಬೇಕೆನಿಸಿತು. ಕೇಳಿದ್ದರೆ ಅವರು ಹೆದರಿ, ನಾನು ಮುಟ್ಟಿಯೇ ಇಲ್ಲ ಎನ್ನುತ್ತಿದ್ದರು. ಅವರ ಪಾಲಿಗೆ ಅದು ನಿಜವೇ. ಆಗ ಆ ಮೂರು ಬೆಳಗಿನ ಚಹಾ ನೆನಪಾಯಿತು. ಮೇಸ್ತ್ರಿ ಅಲ್ಲಿ ಕೂತು ಏನು ಮಾಡುತ್ತಿದ್ದರು, ರೋಟರ್ ಅವರಿಗೆ ಹೇಗೆ ಸಿಗುತ್ತಿತ್ತು ಎಂದು ತಿಳಿಯಿತು. ಹೋಗಿ ಅಬ್ಬಾನ ಎದುರು ಮೆಟ್ಟಿಲ ಮೇಲೆ ಕೂತೆ. ಕೈಗಳನ್ನು ಮಡಿಲಲ್ಲಿಟ್ಟುಕೊಂಡೆ.

“ಅಬ್ಬಾ, ನಿನ್ನೆ ನಾನು ಕಾರು ತಂದು ನಿಲ್ಲಿಸಿದ ಮೇಲೆ ಏನೇನಾಯಿತು, ಹೇಳಿ.”

ನಾವು ಮಾತಾಡಿದ್ದು ದಖನಿಯಲ್ಲಿ. ಅಬ್ಬಾ ನಿಧಾನವಾಗಿ ಶುರುಮಾಡಿದರು. ನೀನು ಬಂದೆ. ಚೀಲವನ್ನು ಕುರ್ಚಿಯ ಮೇಲೆ ಒಗೆದೆ, ಸಿಟ್ಟಿನಲ್ಲಿದ್ದೆ. ಸಂಜೆ ಬೆಕ್ಕು ಕಾರಿನ ಕಂಬಳಿಯ ಮೇಲೆ ಮಲಗಿತ್ತು. ಅಲ್ಲಿಂದ ಅವರು ನಂದಗಡದ ಒಂದು ಎಮ್ಮೆಯ ಹೆರಿಗೆಗೆ ಹೊರಟುಹೋದರು, ಇಪ್ಪತ್ತು ವರ್ಷದ ಹಿಂದಿನದು. ಕರು ಅಡ್ಡ ತಿರುಗಿತ್ತು. ಗಡಿಯಾರ ಆರೂ ಮೂವತ್ತೈದು ತೋರಿಸುತ್ತಿತ್ತು. ನಾನು ತಡೆಯಲಿಲ್ಲ. ಕರು ಹೊರಬಂತು. ಆಮೇಲೆ ಬೆಕ್ಕನ್ನು ಓಡಿಸಿದಿರಾ ಎಂದೆ. ಓಡಿಸಿದೆ, ಕಂಬಳಿ ಸರಿಸಿದೆ, ಬಾನೆಟ್ ಎತ್ತಿದೆ. ಕೈಗೆ ಎಣ್ಣೆ ಹತ್ತಿತು. ಸಂಜೆಯ ಮಗರಿಬ್ ಆಜಾನ್ ಆಯಿತು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ನಡೆಯುವುದಿಲ್ಲ, ನಮಾಜಿಗೆ ಮುಂಚೆ ಕೈಕಾಲು ತೊಳೆದು ವಜೂ ಮಾಡಲು ನಳದ ಹತ್ತಿರ ಹೋದೆ...

ಅವರು ನಿಂತರು. ತಾವೇ ಕೋಲು ಊರಿ ಎದ್ದು ನಳದ ಕಡೆ ನಡೆದರು. ನಳದ ಮೇಲಿನ ಗೂಡಿನಲ್ಲಿ, ಹಲ್ಲುಜ್ಜುವ ಮಿಸ್ವಾಕ್ ಕಡ್ಡಿ ಇಡುವ ಲೋಟದೊಳಗೆ, ಕರವಸ್ತ್ರದ ಸಣ್ಣ ಗಂಟಿತ್ತು. ಅದನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಇದನ್ನು ಬೆಳಿಗ್ಗೆ ಹಾಕಬೇಕಿತ್ತು ಎಂದರು. ಹಾಕೋಣ ಬನ್ನಿ ಎಂದೆ. ಎಡಗೈಯಿಂದ ಅವರೇ ಹಾಕಿದರು. ಎರಡು ಸಲ ತಪ್ಪಿತು, ಮೂರನೆಯ ಸಲ ಕೂತಿತು. ನಾನು ಮುಚ್ಚಳದ ಸ್ಪ್ರಿಂಗು ಒತ್ತಿದೆ. ಆರೂ ಐವತ್ತಕ್ಕೆ ರೈಲ್ವೆ ಗೇಟು ದಾಟಿದೆ. ಖಾನಾಪುರದ ಹಂಚಿನ ಕಾರ್ಖಾನೆಯ ಹೊಗೆಗೊಳವೆ ಕಂಡಾಗ ಏಳೂ ಇಪ್ಪತ್ತೆಂಟು. ಶಾಲೆಯ ಗೇಟಿನೊಳಗೆ ಕಾಲಿಟ್ಟಾಗ ಪ್ರಾರ್ಥನೆಯ ಕೊನೆಯ ಸಾಲು ನಡೆದಿತ್ತು. ನಾನೂ ಕೈಮುಗಿದು ನಿಂತೆ. ಅಂಗೈಯಲ್ಲಿ ಎಣ್ಣೆ ಇತ್ತು. ಮುಖ್ಯಾಧ್ಯಾಪಕರು ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಗಡಿಯಾರವನ್ನು ಕಿಸೆಗೆ ಹಾಕಿಕೊಂಡರು.

ಸಂಜೆ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಲೋಂಡಾದಿಂದ ಬಂದು ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಿದ್ದರು. ಮುಂದಿನ ಮಾತು ದಿನಚರಿಯಲ್ಲಿದೆ. ಅವತ್ತೇ ಬರೆದಿಟ್ಟೆ, ಇದನ್ನು ನನ್ನ ನೆನಪಿಗೆ ಬಿಡಬಾರದು ಎಂದು.

“ಮುಚ್ಚಳಾ ತಗದೆ,” ಎಂದೆ.

“ಸೀಳು ಕಾಣಿಸಿತೇನ್ರಿ?”

“ಇಲ್ಲ.”

“ಇರೂದುಲ್ಲ. ಗಟ್ಟಿ ಐತಿ ಅದು,” ಎಂದರು. ಕೈ ಒರೆಸಿಕೊಂಡು ಪೆಟ್ಟಿಗೆಯ ಮೇಲೆ ಕೂತರು.

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ಏರಿತ್ತು.

“ಹೇಳಿದ್ರ ನೀವು ಏನ ಮಾಡತಿದ್ರಿ? ಖರೇ ಹೇಳ್ರಿ ಅಕ್ಕಾರ.”

ನಾನು ಯೋಚಿಸಿದೆ. “ಶೆಡ್ಡಿಗೆ ಕೀಲಿ ಹಾಕತಿದ್ದೆ.”

“ಹಾಂ. ಸಾಹೇಬ್ರ ಕಡೆ ಈಗ ಒಂದ ಕೆಲಸ ಉಳದೈತಿ. ಸಂಜಿಕ ಶೆಡ್ಡಿಗೆ ಹೋಗಿ ಅದನ್ನ ತಗಿಯೂದು, ಮುಂಜಾನೆ ಹೋಗಿ ಹಾಕೂದು. ಇಪ್ಪತ್ತೈದು ವರ್ಷದ ಕೈ ಅದು. ಆ ಕೆಲಸಕ್ಕ ಅವರು ದಿನಾ ಎರಡ ಸಲ ಏಳತಾರ, ನಡೀತಾರ. ನೀವು ಕೀಲಿ ಹಾಕಿದ್ರ ಕಾರು ಖಾನಾಪುರ ಮುಟ್ಟತೈತಿ. ಸಾಹೇಬ್ರು ಖಾಟ್ ಬಿಟ್ಟು ಏಳೂದುಲ್ಲ.”

“ನನ್ನ ನೌಕರಿ ಹೋಗತಿತ್ತು ಮೇಸ್ತ್ರಿ.”

“ಅದು ನನ್ನ ತಪ್ಪ. ನಿಮ್ಮ ಗಡಿಯಾರ ನಾ ನೋಡಲಿಲ್ಲ. ಸಾಹೇಬ್ರನ್ನೂ ಏಳಸಬೇಕು, ನಿಮ್ಮನ್ನೂ ಮುಟ್ಟಸಬೇಕು, ಎರಡಕ್ಕೂ ಒಮ್ಮಿಗ್ಲೆ ಕೈ ಹಾಕಿದೆ.”

ಒಮ್ಮಿಗ್ಲೆ ಎಂಬ ಮಾತನ್ನು ಅವರು ತಮ್ಮ ಕೆಲಸಕ್ಕೇ ಹಚ್ಚಿ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆಮೇಲೆ ಎದ್ದು ಒಂದು ಡಬ್ಬಿ ತಡಕಾಡಿ ರೋಟರ್ ಒಂದನ್ನು ತಂದು ನನ್ನ ಕೈಲಿಟ್ಟರು. ನಮ್ಮ ಕಾರಿನದು ಎಲ್ಲೂ ಸಿಗುತ್ತಿರಲಿಲ್ಲ. ಬೇರೆ ಯಾವುದೋ ಕಾರಿನದನ್ನು ಅರದಿಂದ ಉಜ್ಜಿ ಉಜ್ಜಿ ಅಳತೆಗೆ ತಂದಿದ್ದರು. ತಿಂಗಳಿಂದ ನಡೆದಿದ್ದ ಕೆಲಸವಂತೆ. “ಚೀಲದಾಗ ಇಟ್ಟಕೋರಿ. ಆದ್ರ ಮೊದಲ ಕೇಳ್ರಿ. ಎಮ್ಮಿ ಬಂದ್ರೂ ಬರಲಿ, ಪೂರಾ ಕೇಳ್ರಿ. ಅವರ ಕಡಿಂದ ಬರೂದ ಇಲ್ಲ ಅಂದಾಗ ಚೀಲಕ್ಕ ಕೈ ಹಾಕ್ರಿ.” ನಾನು ಅರ್ಧ ಗಂಟೆ ಮೊದಲೇ ಏಳಬೇಕು ಎಂದೂ ಹೇಳಿದರು. ಅದು ಆಜ್ಞೆಯ ಹಾಗಿತ್ತು.

ಎದ್ದೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಬೆಳಿಗ್ಗೆ ಐದಕ್ಕೆ ಎದ್ದೆ. ಜನವರಿಯಲ್ಲಿ ಅಣ್ಣ ಬಂದು ನಾಲ್ಕು ದಿನ ಇದ್ದ. ನಾಲ್ಕೂ ದಿನ ಕಾರು ಮೊದಲ ಸಲಕ್ಕೇ ಚಾಲೂ ಆಯಿತು. ಐದನೆಯ ದಿನ ಅವನು ಬಸ್ಸಿನಲ್ಲಿ ವಾಪಸ್ಸು ಹೋದ. ಜೂನಿನಲ್ಲಿ ನನ್ನ ಕಾಗದಕ್ಕೆ ಸಹಿ ಬಿತ್ತು. ರೋಟರ್ ಕಾಣದ ಬೆಳಗುಗಳು ಬರುತ್ತಿದ್ದವು, ಮೆಲ್ಲಗೆ ಹೆಚ್ಚುತ್ತಲೂ ಹೋದವು. ನಾನು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದೆ. ಅಬ್ಬಾ ನಡೆದು ಹೋಗಿ ಹುಡುಕಿಕೊಡುತ್ತಿದ್ದರು, ಸೂಜಿಮದ್ದಿನ ಪೆಟ್ಟಿಗೆಯಿಂದ, ಬೂಟಿನಿಂದ, ಒಮ್ಮೆ ಗೋಧಿಯ ಡಬ್ಬಿಯಿಂದ. ಮೇಸ್ತ್ರಿ ಕೊಟ್ಟದ್ದು ಚೀಲದ ತಳದಲ್ಲಿ ಸೀಸದಕಡ್ಡಿಗಳ ನಡುವೆ ಹಾಗೇ ಇತ್ತು. ಅದಕ್ಕೆ ಕೈ ಹಾಕುವುದಿಲ್ಲ ಎಂಬ ಹಟ ನನ್ನಲ್ಲಿ ಬೆಳೆದಿತ್ತು. ಅದು ಅಬ್ಬಾನ ಮೇಲಿನ ಪ್ರೀತಿಯೋ, ಮೇಸ್ತ್ರಿಯ ಹತ್ತಿರ ಸೋಲಬಾರದೆಂಬ ಜಿದ್ದೋ, ಇವತ್ತಿಗೂ ಬೇರೆ ಮಾಡಿ ನೋಡಲಾರೆ.

ಎಂಬತ್ತರ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಕೇಳಿದೆ. ಅಬ್ಬಾ ನನ್ನ ಮುಖ ನೋಡಿದರು. ಇನ್ನೊಮ್ಮೆ ಕೇಳಿದೆ, ಕಾರು ಬಂದು ನಿಂತಾಗಿನಿಂದ. “ಯಾವ ಕಾರು?” ಎಂದರು, ಬಹಳ ಮರ್ಯಾದೆಯಿಂದ, ಹೊರಗಿನವರನ್ನು ಕೇಳುವ ಹಾಗೆ. ಮೂರನೆಯ ಸಲ ಕೇಳಿದೆ. ಎಮ್ಮೆಯೂ ಬರಲಿಲ್ಲ. ಚೀಲಕ್ಕೆ ಕೈ ಹಾಕಿದೆ. ಅರ ಉಜ್ಜಿದ ರೋಟರ್ ಒಂದೇ ಸಲಕ್ಕೆ ಸರಿಯಾಗಿ ಕೂತಿತು. ಪ್ರಾರ್ಥನೆಗೆ ಹತ್ತು ನಿಮಿಷ ಮೊದಲೇ ಶಾಲೆ ಮುಟ್ಟಿದೆ. ಅವತ್ತು ಒಂಬತ್ತನೆಯ ತರಗತಿಗೆ ಏನು ಪಾಠ ಮಾಡಿದೆನೋ ನೆನಪಿಲ್ಲ, ದಿನಚರಿಯಲ್ಲೂ ಇಲ್ಲ.

ಬರುವಾಗ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದೆ. ಇಳಿಯಲಿಲ್ಲ. ಮೇಸ್ತ್ರಿ ಹತ್ತಿರ ಬಂದು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟರು. ಸದ್ದಿನಲ್ಲಿ ಏನು ವ್ಯತ್ಯಾಸ ಇತ್ತೋ, ಅವರಿಗೆ ತಿಳಿಯಿತು.

“ಕೇಳಿದ್ರಿ?”

“ಕೇಳಿದೆ. ಮೂರ ಸಲ.”

ಅವರು ಹಳೇ ಬನಿಯನ್ ತುಂಡಿನಲ್ಲಿ ಕೈ ಒರೆಸಿದರು. ಕೈ ಚೊಕ್ಕಟವಾಗಿಯೇ ಇತ್ತು. ಬಿಚ್ಚಿದ ಎಂಜಿನ್ನೊಂದನ್ನು ಹಾಗೇ ಬಿಟ್ಟು ಸೈಕಲ್ಲು ಹತ್ತಿ ನನ್ನ ಕಾರಿನ ಹಿಂದೆಯೇ ಮನೆಗೆ ಬಂದರು. “ಸಲಾಂ ಸಾಹೇಬ್ರ” ಎಂದು ಅಬ್ಬಾನ ಎದುರು ಕೂತರು. ಖಾಲಾ ಹೊರಡುವ ಮುನ್ನ ಚಹಾ ಕೊಟ್ಟು ಹೋದಳು. ಅವರು ಬಸಿಗೆ ಸುರುವಿ ಮೊದಲು ಅಬ್ಬಾಗೆ ಕುಡಿಸಿದರು. ಆಮೇಲೆ, ಇದೇ ಮೊದಲ ಸಲ ಕೇಳುವವರ ಹಾಗೆ, ಕೇಳಿದರು.

“ಸಾಹೇಬ್ರ, ನಿನ್ನಿ ಕಾರು ಬಂದು ನಿಂತಾಗಿಂದ ಹೇಳ್ರಿ.”

ಅಬ್ಬಾ ಏನೂ ಹೇಳಲಿಲ್ಲ. ಮೇಸ್ತ್ರಿ ಕಾದರು. ಬಿಸಿಲು ವರಾಂಡದ ಅಂಚಿನಿಂದ ಇಳಿದು ಅಂಗಳಕ್ಕೆ ಹೋಯಿತು, ಅಂಗಳದಿಂದ ಶೆಡ್ಡಿನ ಗೋಡೆಗೆ ಹೋಯಿತು. ನಾನು ಎರಡು ಸಲ ಹೊರಗೆ ಬಂದು ನೋಡಿದೆ. ಅವರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕೂತಿದ್ದರು. ಕರಡಿಗೆ ಅಂಗಿಯ ಹೊರಗೇ ಇತ್ತು. ಗುಂಡಿ ಬಿದ್ದಿರಲಿಲ್ಲ.